ಕೊರಳಿಗೆ ಕಟ್ಟಿದ ಗುಳಿಗೆ

ಯಾದಗಿರಿ ಸ್ಟೇಷನ್ನಿನ ಹೊರಗೆ ಚಳಿಗಾಲಕ್ಕೆ ಸ್ವೆಟರಿನವರು ಬಂದು ಅಂಗಡಿ ಹಾಕುತ್ತಾರೆ. ಹೋದ ತಿಂಗಳು ಮೊಮ್ಮಗಳ ಕೂಸಿಗೆ ಟೊಪ್ಪಿಗೆ ಬೇಕೆಂದು ಅಲ್ಲಿ ನಿಂತಿದ್ದೆ. ಅಂಗಡಿಯಲ್ಲಿದ್ದವಳು ಟಿಬೆಟಿನ ಹೆಂಗಸು. ಗಿರಾಕಿ ಕಡಿಮೆಯಾದಾಗ ಡಬ್ಬಿ ತೆಗೆದು ಒಂದು ಕಪ್ಪು ಗುಳಿಗೆ ಬಾಯಿಗೆ ಹಾಕಿಕೊಂಡು ಕಟಕಟ ಕಡಿದಳು, ಮೇಲೆ ಬಿಸಿನೀರು ಕುಡಿದಳು. ವಾಸನೆ ನನ್ನ ತನಕ ಬಂತು. ಕರ್ಪೂರವಲ್ಲ, ಬಜೆಯಲ್ಲ. ಎರಡನ್ನೂ ಹಳೇ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಮುಚ್ಚಿಟ್ಟ ಹಾಗೆ, ಹಿಂದೆಯೇ ಕಹಿ.

ಮೊಮ್ಮಗಳು ಇನ್ನೂ ಚೌಕಾಸಿ ಮಾಡುತ್ತಿದ್ದಳು. ಜಲ್ದಿ ಮುಗಿಸೆಂದು ಬೈದೆ. ನನಗೆ ಅಲ್ಲಿ ನಿಲ್ಲುವುದು ಬೇಡವಾಗಿತ್ತು. ಆ ವಾಸನೆ ಒಂದು ವರ್ಷ ನಮ್ಮ ಮನೆಯಲ್ಲಿತ್ತು. ಆ ವರ್ಷ ನನ್ನ ತಂಗಿ ಮಲ್ಲಮ್ಮ ಸತ್ತಳು.

ನಮ್ಮೂರು ದೇವಾಪುರದಿಂದ ಒಳಗೆ. ಕಾಲುವೆಗೆ ಮೊದಲ ಸಲ ನೀರು ಬಿಟ್ಟ ವರ್ಷ ಅದು. ಅಲ್ಲಿಯ ತನಕ ಕಾಲುವೆ ಎಂದರೆ ನಮಗೆ ಮಣ್ಣು ಹೊರುವ ಕೂಲಿ, ಬೇರೇನೂ ಅಲ್ಲ. ನೀರು ಬಂದ ದಿನ ಊರೆಲ್ಲ ದಂಡೆಗೆ ಹೋಗಿ ಅರಿಶಿನ ಕುಂಕುಮ ಹಾಕಿತು. ನಮ್ಮ ಅತ್ತೆ ಬಸವ್ವ ಹೋಳಿಗೆಯ ಎಡೆ ಒಯ್ದು ನೀರಿಗೆ ಬಿಟ್ಟಳು. ಹೋಳಿಗೆ ತೇಲಿ ಹೋಯಿತು. ಗಂಗವ್ವ ಉಂಡಳು ಎಂದು ಅತ್ತೆ ಕಣ್ಣೀರು ಹಾಕಿದಳು. ತುಸು ಕೆಳಗೆ ನಿಂತಿದ್ದ ಹುಡುಗರು ಅದನ್ನು ಹಿಡಿದು ಹಂಚಿಕೊಂಡು ತಿಂದದ್ದನ್ನು ನಾನು ನೋಡಿದೆ. ಹೇಳಲಿಲ್ಲ. ಹೇಳಿದ್ದರೂ ಅತ್ತೆ ನಂಬುವವಳಲ್ಲ. ಅವಳಿಗೆ ನಂಬಬೇಕಾದದ್ದು ಮಾತ್ರ ಕಾಣುತ್ತಿತ್ತು.

ಮಲ್ಲಮ್ಮನೂ ನಾನೂ ಒಂದೇ ಮನೆಗೆ ಬಿದ್ದವರು. ಅಣ್ಣನಿಗೆ ನನ್ನನ್ನು ಕೊಟ್ಟರು, ತಮ್ಮನಿಗೆ ಅವಳನ್ನು. ಅವಳ ಗಂಡ ಹಣಮಂತ. ನನ್ನ ಗಂಡ ಆಗ ಶಹಾಪುರದ ಕಡೆ ಕಾಲುವೆ ಕೆಲಸದಲ್ಲಿದ್ದ, ಅಮಾವಾಸ್ಯೆಗೆ ಮಾತ್ರ ಮನೆಗೆ ಬರುತ್ತಿದ್ದ. ಹಾಗಾಗಿ ಹೊಲ ಹಣಮಂತನದು, ಮನೆ ಅತ್ತೆಯದು, ದುಡಿಮೆ ನಮ್ಮಿಬ್ಬರದು.

ಜೋಳ, ತೊಗರಿ ಬಿತ್ತುತ್ತಿದ್ದ ಎರೆ ಹೊಲಕ್ಕೆ ಒಡ್ಡು ಹಾಕಿ ನೀರು ನಿಲ್ಲಿಸಿ ನೆಲ್ಲು ಹಚ್ಚಿದೆವು. ಹೇಗೆ ಹಚ್ಚಬೇಕೆಂದು ನೆಲ್ಲು ಬೆಳೆಯಲೆಂದು ಬಂದು ಹತ್ತಿರ ಕ್ಯಾಂಪು ಹಾಕಿದ್ದ ಆಂಧ್ರದ ಹೆಂಗಸರು ತೋರಿಸಿದರು. ಎರೆ ಮಣ್ಣು ಕೆಸರಾದರೆ ಕಾಲು ಬಿಡುವುದಿಲ್ಲ. ಬೆಳಗಿನಿಂದ ಸಂಜೆತನಕ ಬಗ್ಗಿ ನಿಂತು ಬೆರಳ ಸಂದು ಬೆಳ್ಳಗಾಗಿ ಕೊಳೆಯುತ್ತಿತ್ತು. ಮಲ್ಲಮ್ಮ ಮಾತ್ರ ಎಲ್ಲರಿಗಿಂತ ಮುಂದೆ ಇರುತ್ತಿದ್ದಳು. ತಲೆ ಎತ್ತಿ ನೋಡಿ ನನ್ನನ್ನು ಅಣಕಿಸುತ್ತಿದ್ದಳು.

“ಅಕ್ಕಾ, ಎಮ್ಮಿಗತೆ ನೀರಾಗ ನಿಂತು ಮೆಲಕ ಹಾಕಾಕತ್ತಿ ಏನು? ನಡಿ ಲಗೂ.”

“ಎಮ್ಮಿಗೆ ಯಾರೂ ನಡಿ ಅನ್ನಂಗಿಲ್ಲ. ಅದರ ಪುಣ್ಯ ನನಗೆಲ್ಲಿ ಬರಬೇಕು.”

ಸಾಲಿನ ಹೆಂಗಸರೆಲ್ಲ ನಗುತ್ತಿದ್ದರು. ಆ ವರ್ಷದಲ್ಲಿ ನಕ್ಕದ್ದು ನನಗೆ ಅಷ್ಟೇ ನೆನಪಿದೆ.

ನೆಲ್ಲು ಕೊಯ್ದು ಮನೆಗೆ ಬರುವ ಹೊತ್ತಿಗೆ ಅವಳಿಗೆ ಬಲಪಕ್ಕೆಯಲ್ಲಿ ನೋವು ಶುರುವಾಯಿತು. ಉಂಡದ್ದು ವಾಂತಿ. ಮೈಯೆಲ್ಲ ತುರಿಕೆ. ಕಣ್ಣು ಹಳದಿಯಾಯಿತು. ಕಾಮಣಿ ಎಂದರು. ಬೋನಾಳದಲ್ಲಿ ಒಂದು ಮನೆಯವರು ಕಾಮಣಿಗೆ ಎಲೆ ಅರೆದು ಹಾಲಿನಲ್ಲಿ ಕೊಡುತ್ತಿದ್ದರು. ಅಲ್ಲಿ ಕುಡಿಸಿದೆವು. ಉಪ್ಪು ಬಿಡಿಸಿದೆವು, ಎಣ್ಣೆ ಬಿಡಿಸಿದೆವು. ಹಳದಿ ಇಳಿಯದಿದ್ದಾಗ ಅತ್ತೆ ಮುಂಗೈಗೆ ಚುಟಿಗೆ ಹಾಕಿಸಿದಳು. ಕಾದ ತಂತಿಯಿಂದ ಸುಡುವುದು. ಎಲೆಯ ರಸಕ್ಕೆ ಇಳಿದ ಕಾಮಣಿ ನಾನೇ ಕಂಡಿದ್ದೇನೆ, ಸುಳ್ಳು ಹೇಳುವುದಿಲ್ಲ. ಇವಳದು ಇಳಿಯಲಿಲ್ಲ. ನೋವು ಬಂದಾಗ ಬೀಸುವ ಕಲ್ಲನ್ನು ತಬ್ಬಿ ಕೂರುತ್ತಿದ್ದಳು. ಕಲ್ಲು ತಣ್ಣಗಿರುತ್ತದಲ್ಲ, ಅದಕ್ಕೆ.

ಬೋನಾಳದ ಕೆರೆಗೆ ದೂರದ ಹಕ್ಕಿಗಳು ಬಂದಿಳಿಯುವ ಹೊತ್ತಿಗೆ ಸುರಪುರಕ್ಕೆ ಸ್ವೆಟರಿನವರೂ ಬರುತ್ತಿದ್ದರು. ಮಲ್ಲಮ್ಮನಿಗೆ ಚಳಿ ತಡೆಯುತ್ತಿರಲಿಲ್ಲ. ಸಂತೆಯ ದಿನ ಬಂಡಿಯಲ್ಲಿ ಕೂರಿಸಿಕೊಂಡು ನಾನು ಅವಳಿಗೊಂದು ಸ್ವೆಟರ್ ಕೊಡಿಸಲು ಹೋದೆ. ಬಂಡಿ ಹೊಡೆದವನು ಹಣಮಂತ.

ತಾಡಪತ್ರಿ ಕಟ್ಟಿದ ಅಂಗಡಿಯಲ್ಲಿ ಡೋಲ್ಮಾ ಎನ್ನುವ ಹೆಂಗಸಿದ್ದಳು. ಮುಂಡಗೋಡದ ಕಡೆಯ ಟಿಬೆಟ್ ಕ್ಯಾಂಪಿನವಳು. ಕನ್ನಡ ಚೆನ್ನಾಗಿಯೇ ಆಡುತ್ತಿದ್ದಳು, ಆ ಕಡೆಯ ಧಾಟಿಯಲ್ಲಿ. ನಮ್ಮವರು ಅವಳನ್ನು ಡೋಲಮ್ಮ ಎನ್ನುತ್ತಿದ್ದರು. ಆ ಸಲ ಅವಳ ಜೊತೆ ಅವಳ ದೊಡ್ಡಪ್ಪ ಬಂದಿದ್ದ. ಅವರ ಮಂದಿಗೆ ಔಷಧ ಕೊಡುವ ಮುದುಕ. ಒಂದಕ್ಷರ ಕನ್ನಡ ಬಾರದು. ಸ್ವೆಟರಿನ ಗಂಟುಗಳ ನಡುವೆ ಮಣಿ ಎಣಿಸುತ್ತ ಕೂತಿದ್ದವನು ಮಲ್ಲಮ್ಮನ ಮುಖ ನೋಡಿ ಮಣಿ ನಿಲ್ಲಿಸಿದ. ಡೋಲಮ್ಮನಿಗೆ ಏನೋ ಹೇಳಿದ.

“ಅಕ್ಕಾ, ಇವ್ರ ಕಣ್ಣ ಯಾವಾಗಿಂದ ಹಿಂಗಾಗೇತಿ?” ಎಂದಳು ಡೋಲಮ್ಮ.

ಹೇಳಿದೆ. ಮುದುಕ ಮಲ್ಲಮ್ಮನ ಕೈ ಹಿಡಿದು ಮೂರು ಬೆರಳು ಇಟ್ಟು ನಾಡಿ ನೋಡಿದ. ಒಂದು ಕೈ ಆಯಿತು, ಇನ್ನೊಂದು ಕೈ. ಕಣ್ಣು ಮುಚ್ಚಿ ಬಹಳ ಹೊತ್ತು ಕೂತ. ಸುಟ್ಟ ಗಾಯದ ಮೇಲೆ ಬೆರಳು ತಾಗದಂತೆ ಸರಿಸಿಟ್ಟುಕೊಂಡ. ಮಲ್ಲಮ್ಮ ನನ್ನ ಕಿವಿಯ ಹತ್ತಿರ ಬಗ್ಗಿದಳು.

“ಬಳಿ ಅಳತಿ ತಗೊಳಾಕತ್ತಾನೇನಕ್ಕ ಮುದುಕ? ಹಸರ ಬಳಿ ಕೇಳಲೇನು?”

ಡೋಲಮ್ಮನಿಗೂ ಕೇಳಿಸಿತು, ನಕ್ಕಳು. ಮುದುಕ ನಗಲಿಲ್ಲ. ಮುಂದಿನ ಸಂತೆಗೆ ಇವಳ ನಸುಕಿನ ಮೊದಲ ಉಚ್ಚೆಯನ್ನು ಬಾಟಲಿಯಲ್ಲಿ ತರಬೇಕೆಂದ. ಹಿಂದಿನ ದಿನ ಅರಿಶಿನ ಹಾಕಿದ್ದು ಏನೂ ಉಣ್ಣಬಾರದೆಂದ.

ಮನೆಯಲ್ಲಿ ಇದನ್ನು ಹೇಳಿದಾಗ ಅತ್ತೆ ಗಲ್ಲಕ್ಕೆ ಕೈ ಇಟ್ಟಳು. “ಏನ್ ಮಾಡ್ತಾನಂತ ಅದನ್ನ?”

“ನೋಡ್ತಾನಂತ.”

“ದಿನಾ ಹೊಲದಾಗ ಹೋಗ್ತದಲ್ಲ, ಅಲ್ಲೇ ಬಂದು ನೋಡಂತ ಹೇಳು.”

ಆದರೂ ನಾನು ಒಯ್ದೆ. ಮಲ್ಲಮ್ಮನನ್ನು ಕುಲುಕಿಸುವುದು ಬೇಡವೆಂದು ಮನೆಯಲ್ಲೇ ಬಿಟ್ಟೆವು. ಹಣಮಂತನೂ ನಾನೂ ಇಬ್ಬರೇ ಹೋದೆವು. ಮುದುಕ ಅದನ್ನು ಬಿಳಿ ಬಟ್ಟಲಿಗೆ ಸುರಿದು, ಸಣ್ಣ ಕಡ್ಡಿಗಳ ಕಟ್ಟಿನಿಂದ ಮಜ್ಜಿಗೆ ಕಡೆದಂತೆ ಕಡೆದ. ನೊರೆ ಎದ್ದಿತು. ನೊರೆ ಒಡೆಯುವುದನ್ನು ನೋಡುತ್ತ ಕೂತ. ಮೂಸಿದ. ಪಕ್ಕದ ಬಳೆ ಅಂಗಡಿಯವರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಹಣಮಂತ ತಲೆ ತಗ್ಗಿಸಿ ನಿಂತಿದ್ದ, ನಾಚಿಕೆಯಿಂದ. ಹೆಂಡತಿಯ ಕಣ್ಣು ಹಳದಿಯಾದದ್ದಕ್ಕೆ ಅವನು ಅಷ್ಟು ತಲೆ ತಗ್ಗಿಸಿದ್ದನ್ನು ನಾನು ಕಂಡಿರಲಿಲ್ಲ.

ಆಮೇಲೆ ಮುದುಕ ನಿಧಾನವಾಗಿ ಮಾತಾಡಿದ. ಡೋಲಮ್ಮ ಒಂದೊಂದೇ ಹೇಳಿದಳು.

“ಪಿತ್ತ ಹೋಗೂ ದಾರಿ ಕಟ್ಟೇತಿ. ಕಲ್ಲು ಇರಬೇಕು ಅಂತಾರ. ಇದು ನಮ್ಮ ಔಷಧಕ್ಕ ಬಗ್ಗೂದಲ್ಲ. ರಾಯಚೂರಿಗೆ ಒಯ್ಯಿರಿ, ದೊಡ್ಡ ದವಾಖಾನಿಗೆ. ಕೊಯ್ದು ತಗೀಬೇಕಾಗ್ತೇತಿ. ತಡಾ ಮಾಡಬ್ಯಾಡ್ರಿ.”

“ಕೊಯ್ದ್ರ ಉಳೀತಾಳೇನ್ರಿ?” ಎಂದ ಹಣಮಂತ.

“ಕೊಯ್ಯದಿದ್ರ ಉಳಿಯೂದಿಲ್ಲ ಅಂತಾರ.”

ಮುದುಕ ಪೆಟ್ಟಿಗೆಯಿಂದ ಒಂದು ಗುಳಿಗೆ ತೆಗೆದ. ಹುಣಸೆಬೀಜದಷ್ಟು ಇರಬಹುದು. ಕೆಂಪು ರೇಷ್ಮೆಯ ಅರಿವೆಯಲ್ಲಿ ಸುತ್ತಿ, ಬಣ್ಣದ ದಾರದಿಂದ ಬಿಗಿದು, ಗಂಟಿನ ಮೇಲೆ ಅರಗು ಹಚ್ಚಿತ್ತು. ಇದು ರೋಗಕ್ಕಲ್ಲ, ರಾಯಚೂರಿನ ತನಕ ಹೋಗಲು ಮೈಯಲ್ಲಿ ಶಕ್ತಿ ಇರಲಿ ಎಂದು ಕೊಡುವುದು ಎಂದ. ಸಂಜೆಗೆ ಅರಿವೆ ಬಿಚ್ಚಿ, ಬಟ್ಟಲಲ್ಲಿ ಜಜ್ಜಿ, ಬಿಸಿನೀರು ಹಾಕಿ ಮುಚ್ಚಬೇಕು. ಬೆಳಕು ಬೀಳಬಾರದು. ನಸುಕಿನಲ್ಲಿ ಬೆರಳಿಂದ ಕದಡಿ ಕುಡಿಸಿ, ಕೌದಿ ಹೊದಿಸಿ ಮಲಗಿಸಬೇಕು. ಎದ್ದ ಮೇಲೆ ಹೊರಡಬೇಕು.

ಡೋಲಮ್ಮ ಗಟ್ಟಿ ಹೆಂಗಸು. “ನೀವ ಒಮ್ಮಿ ಹೇಳ್ರಿ” ಎಂದು ಹಣಮಂತನ ಬಾಯಿಂದ ಹೇಳಿಸಿದಳು. ಅವನು ತಪ್ಪಿಲ್ಲದೆ ಹೇಳಿದ. ರಾಯಚೂರು ಎಂಬುದನ್ನೂ ಹೇಳಿದ.

ನಮ್ಮೂರಿಗೆ ಹೋಗಬೇಕಾದರೆ ಕಾಲುವೆಯ ಸೇತುವೆ ದಾಟಬೇಕು. ಅಲ್ಲಿ ಹಣಮಂತ ಎತ್ತು ನಿಲ್ಲಿಸಿ ನೀರು ನೋಡಿದ. “ವೈನಿ, ನಾಡದು ನಮ್ಮ ನೀರಿನ ಪಾಳಿ” ಎಂದ. ಎರಡನೇ ಪೀಕಿಗೆ ಸಸಿ ಬೆಳೆದು ನಿಂತಿತ್ತು. ಪಾಳಿ ತಪ್ಪಿದರೆ ಮೇಲಿನವರು ನೀರು ತಿರುಗಿಸಿಕೊಳ್ಳುತ್ತಿದ್ದರು. “ಪಾಳಿ ನಾ ನೋಡ್ತೀನಿ, ನೀ ರಾಯಚೂರಿಗೆ ನಡಿ” ಎಂದೆ. ಅವನು ಎತ್ತಿನ ಬಾಲ ತಿರುವಿ ಬಂಡಿ ಹೊಡೆದ.

ಮನೆಗೆ ಬಂದು ಗುಳಿಗೆಯನ್ನು ಅವ್ವನ ಕೈಗೆ ಕೊಟ್ಟ. ಅತ್ತೆ ಅದನ್ನು ತಿರುಗಿಸಿ ನೋಡಿದಳು. ಕೆಂಪು ಅರಿವೆ, ದಾರ, ಅರಗು. ನಮ್ಮ ಕಡೆ ದರ್ಗಾದಿಂದ ತರುವ ತಾಯತವೂ ಹಾಗೆಯೇ ಇರುತ್ತದೆ, ಸ್ವಾಮಿಗಳು ಕೊಡುವುದೂ ಹಾಗೆಯೇ ಇರುತ್ತದೆ. ಕಣ್ಣಿಗೊತ್ತಿಕೊಂಡಳು. ಲೋಬಾನದ ಹೊಗೆ ಹಿಡಿದಳು. ಕರಿದಾರಕ್ಕೆ ಪೋಣಿಸಿ ಮಲ್ಲಮ್ಮನ ಕೊರಳಿಗೆ ಕಟ್ಟಿದಳು.

“ಅತ್ತಿ, ಅದು ಕಟ್ಟೂದಲ್ಲ, ನುಂಗೂದು. ಗುಳಿಗಿ ಅದು.”

“ದಾರ ಬಿಗಿದು ಅರಗ ಹಚ್ಚಿದ್ದನ್ನ ಯಾರ ನುಂಗ್ತಾರ, ಹುಚ್ಚಿ?”

ಸಂಜೆಗೆ ಜಜ್ಜುವುದು, ಮುಚ್ಚುವುದು, ನಸುಕಿನಲ್ಲಿ ಕುಡಿಸುವುದು, ಎಲ್ಲ ಹೇಳಿದೆ. ರಾಯಚೂರು ಹೇಳಿದೆ. ಕಲ್ಲು ಹೇಳಿದೆ. ಅತ್ತೆ ಮಗನ ಕಡೆ ತಿರುಗಿದಳು.

“ಖರೆ ಏನೋ ಹಣಮ್ಯಾ?”

ಅವನು ಎತ್ತಿನ ಹಗ್ಗ ಸುತ್ತುತ್ತಿದ್ದ. “ಅವರ ಮಾತು ನನಗೇನ ತಿಳೀತದವ್ವ? ಶಕ್ತಿ ಬರ್ತದ ಅಂದಂಗಿತ್ತು.”

ಅಷ್ಟೇ ಅಂದ. ಆ ಮಾತಿನಲ್ಲಿ ಸುಳ್ಳು ಎಷ್ಟು ಸಣ್ಣದು ನೋಡಿ. ಶಕ್ತಿ ಎಂದದ್ದು ನಿಜವೇ. ನಾನು ಅವನ ಮುಂದೆ ಹೋಗಿ ನಿಂತೆ. “ಆಕಿ ಹೇಳ್ಸಿದಾಗ ಶಾಲಿ ಹುಡುಗರಗತೆ ಒಪ್ಪಿಸಿದಿ. ಈಗ ತಿಳೀಲಿಲ್ಲ ಅಂತೀದಿ?” ಅವನು ಹಗ್ಗ ಗೂಟಕ್ಕೆ ಸಿಕ್ಕಿಸಿ ಹೊರಗೆ ಹೋದ. ಅತ್ತೆ ಅವನ ಬೆನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅವಳಿಗೆ ಅರ್ಥವಾಗಲಿಲ್ಲ ಎಂದು ಆಗ ತಿಳಿದಿದ್ದೆ.

ಮಲ್ಲಮ್ಮ ಗೋಡೆಗೆ ಒರಗಿ ಎಲ್ಲ ಕೇಳಿಸಿಕೊಂಡಿದ್ದಳು. ಕೊಯ್ಯುತ್ತಾರೆ ಎಂಬ ಮಾತು ಕೇಳಿ ಹೆದರಿದ್ದಳು. ತಾಯತವನ್ನು ಮುಷ್ಟಿಯಲ್ಲಿ ಹಿಡಿದು, “ಇರಲಿ ಬಿಡಕ್ಕ. ವಾಸನಿ ಚಲೋ ಅದ. ನೋವು ಕಡಿಮಿ ಆದಂಗ ಆಗ್ಯಾದ” ಎಂದಳು.

ಬರೀ ಕೊರಳಲ್ಲಿ ಇದ್ದಿದ್ದರೆ ಇರಲಿ ಬಿಡು ಎನ್ನುತ್ತಿದ್ದೆ. ಆದರೆ ತಾಯತಕ್ಕೆ ನಡೆ ಇರುತ್ತದೆ. ಕಟ್ಟಿದ ಮೇಲೆ ಹುಟ್ಟು ಸಾವು ಆಗುವ ಕಡೆ ಕಾಲಿಡಬಾರದು. ಹರಿಯುವ ನೀರು ದಾಟಬಾರದು. ದಾಟಿದರೆ ಶಕ್ತಿ ಹೋಗುತ್ತದೆ. ನಮ್ಮ ಹಿರಿಯರ ಕಾಲದಲ್ಲಿ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಒಣ ನೆಲ. ಮಳೆಗಾಲದ ಹಳ್ಳ ಬಿಟ್ಟರೆ ಹರಿಯುವ ನೀರನ್ನು ಹುಡುಕಿಕೊಂಡು ಹೋಗಬೇಕಿತ್ತು. ಈಗ ಊರಿಗೂ ರಸ್ತೆಗೂ ನಡುವೆ ಕಾಲುವೆ ತುಂಬಿ ಹರಿಯುತ್ತಿತ್ತು. ಅದನ್ನು ದಾಟದೆ ಸುರಪುರವೂ ಇಲ್ಲ, ರಾಯಚೂರೂ ಇಲ್ಲ. ದವಾಖಾನೆ ಎಂದರೆ ದಿನಕ್ಕೆ ಹತ್ತು ಹುಟ್ಟು, ಹತ್ತು ಸಾವು. ಅತ್ತೆಯ ಲೆಕ್ಕದಲ್ಲಿ ಎರಡೂ ಕಡೆ ಬಾಗಿಲು ಮುಚ್ಚಿತು.

“ಸುರಪುರದಿಂದ ತರೂವಾಗ ಕಾಲುವಿ ದಾಟೇ ಬಂದದಲ್ಲತ್ತಿ” ಎಂದೆ.

“ಕಟ್ಟಿದ ಮ್ಯಾಲಿನ ಮಾತು ನಾ ಹೇಳಾಕತ್ತಿದ್ದು. ನಿನ್ನ ವಕೀಲಿಕಿ ಸಾಕು.”

ಓಣಿಯ ಹೆಂಗಸರು ಬಂದು ಆ ಕೆಂಪು ಗಂಟಿಗೆ ಕೈಮುಗಿದು ಹೋದರು. ದೂರದ ಬೆಟ್ಟದ ದೇಶದ ತಾಯತ ಎಂದರು. ಹೊಲದಲ್ಲಿ ನೀರಿನ ಪಾಳಿ ನಡೆಯಿತು, ಸಸಿ ಹಚ್ಚಿದ್ದಾಯಿತು. ಅಮಾವಾಸ್ಯೆಗೆ ನನ್ನ ಗಂಡ ಬಂದ. ಎಲ್ಲ ಕೇಳಿ, ರೊಟ್ಟಿ ಮುರಿಯುತ್ತ, “ಅವ್ವ ಸುಮ್ಮನ ಹೇಳ್ತಾಳೇನು” ಎಂದ. ಉಂಡು ಮಲಗಿ ಮರುದಿನ ಹೊರಟುಹೋದ. ಅವನ ಮೇಲೆ ಸಿಟ್ಟೂ ಬರಲಿಲ್ಲ. ಅವನಿಂದ ಬೇರೆ ಏನೂ ಬರುವಂತಿರಲಿಲ್ಲ.

ಮಲ್ಲಮ್ಮನ ತೋಳು ಕಡ್ಡಿಯಾಯಿತು, ಹೊಟ್ಟೆ ಉಬ್ಬಿತು. ಹಣಮಂತ ಹೊಲಕ್ಕೆ, ಅತ್ತೆ ಮದುವೆ ಊಟಕ್ಕೆಂದು ಬೇರೆ ಓಣಿಗೆ ಹೋಗಿದ್ದ ಒಂದು ಬೆಳಿಗ್ಗೆ, ಪಕ್ಕದ ಮನೆಯವರ ಬಂಡಿ ಕೇಳಿ ಹುಲ್ಲು ಹಾಸಿ ಅವಳನ್ನು ಮಲಗಿಸಿಕೊಂಡು ಹೊರಟೆ. ಎತ್ತು ನಾನೇ ಹೊಡೆದೆ. ಸುರಪುರಕ್ಕೆ ಮುಟ್ಟಿದರೆ ರಾಯಚೂರಿನ ಬಸ್ಸು ಸಿಗುತ್ತಿತ್ತು. ಸೇತುವೆಯ ಹತ್ತಿರ ಬಂದಾಗ ಅವಳು ನೀರಿನ ಸಪ್ಪಳ ಕೇಳಿ ಎದ್ದು ಕೂತಳು.

“ಅಕ್ಕಾ, ನಿಲ್ಲಸು. ನಾ ದಾಟಂಗಿಲ್ಲ.”

“ದಾರ ಹರದು ಒಗಿ. ಇಲ್ಲಾ ಕೊಡು ಇಲ್ಲಿ, ಈಗ ಅರಿವಿ ಬಿಚ್ಚಿ ನಿನ್ನ ಬಾಯಾಗ ಹಾಕ್ತೀನಿ.”

“ಕೊರಳಿಂದ ತಗದ್ರ ಅವತ್ತೇ ಹೋಗ್ತೀದಿ ಅಂತ ಅತ್ತಿ ಹೇಳ್ಯಾಳ.”

“ಅತ್ತಿ ಹೇಳಿದ್ದಕ್ಕ ಸಾಯ್ತೀದೇನು?”

“ನೀ ಹೇಳಿದ್ದಕ್ಕ ಕೊಯ್ಸಿಕೊಂಡು ಸಾಯಲೇನು?”

ಬಂಡಿಯಿಂದ ಇಳಿದುಬಿಟ್ಟಳು. ನಿಲ್ಲಲು ಆಗದೆ ಸೇತುವೆಯ ಕಲ್ಲು ಹಿಡಿದು ಕುಕ್ಕರಿಸಿದಳು. ಇನ್ನೊಂದು ಕೈ ಕೊರಳಲ್ಲಿತ್ತು. ನಾನು ಎಳೆದೆ. ಅವಳು ನನ್ನ ಕೈ ಕಚ್ಚಿದಳು. ಅಷ್ಟು ಶಕ್ತಿ ಎಲ್ಲಿಂದ ಬಂತೋ. ನೀರು ಬಿಡುವ ಕೆಲಸದವನು ದಂಡೆಯ ಮೇಲೆ ಬೀಡಿ ಸೇದುತ್ತ ನೋಡುತ್ತಿದ್ದ. “ಏನಾತಬೇ?” ಎಂದ. “ಏನಿಲ್ಲ, ಎತ್ತು ಬೆದರ್ಯಾವ” ಎಂದೆ. ಬಂಡಿ ತಿರುಗಿಸಿದೆ.

ಎರಡನೇ ನೆಲ್ಲು ತೆನೆ ತುಂಬುವಾಗ, ಬಿಸಿಲಿನಲ್ಲಿ, ಅವಳು ಹೋದಳು. ಮಧ್ಯಾಹ್ನ ಉಸಿರು ಏರುಪೇರಾಯಿತು. ಎಲ್ಲರೂ ಕೂಡಿದ್ದರು. ಅತ್ತೆ ಮುಂದೆ ಬಂದು, ಇನ್ನೂ ಜೀವ ಇರುವಾಗಲೇ, ಕೊರಳಿನ ಕರಿದಾರ ಕತ್ತರಿಸಿ ಆ ಕೆಂಪು ಗಂಟು ತೆಗೆದುಕೊಂಡಳು. ಹೆಣದ ಮೇಲೆ ಇದ್ದರೆ ಮೈಲಿಗೆಯಾಗುತ್ತದೆ ಎಂದಳು. ತೆಗೆದರೆ ಸಾಯುತ್ತೀ ಎಂದು ಹೇಳಿದ್ದೂ ಅವಳೇ. ಗೋಡೆಯ ಗೂಡಿನಲ್ಲಿ, ದೇವರ ಭಂಡಾರದ ಅರಿಶಿನ ಬಟ್ಟಲಿನ ಹಿಂದೆ ಇಟ್ಟಳು. ನನ್ನ ತಂಗಿಯ ಕೈ ಬರಿಯ ಕೊರಳನ್ನು ತಡವುತ್ತಿತ್ತು. ಆಮೇಲೆ ನಿಂತಿತು.

ಆ ಗುಳಿಗೆ ನುಂಗಿದ್ದರೆ ಉಳಿಯುತ್ತಿದ್ದಳು ಎಂದು ನಾನು ಹೇಳುವುದಿಲ್ಲ. ಕೊಟ್ಟ ಮುದುಕನೇ ಹಾಗೆ ಹೇಳಿರಲಿಲ್ಲ. ರಾಯಚೂರಿಗೆ ಹೋಗಿದ್ದರೂ ಏನಾಗುತ್ತಿತ್ತೋ. ಹೋಗಲಿಲ್ಲ, ಅಷ್ಟು ಗೊತ್ತು.

ಮಳೆ ಶುರುವಾಯಿತು. ಕಾಲುವೆ ತುಂಬಿತು, ಗದ್ದೆ ತುಂಬಿತು, ಸೊಳ್ಳೆ ತುಂಬಿತು. ಹಣಮಂತನಿಗೆ ಹೆಣ್ಣು ನೋಡುತ್ತಿದ್ದರು. ಬಳಿಚಕ್ರದ ಕಡೆ ಒಂದು ಒಪ್ಪಿಗೆಯಾಗಿತ್ತು. ಅಷ್ಟರಲ್ಲಿ ಅವನಿಗೆ ಚಳಿಜ್ವರ ಹತ್ತಿತು. ಮೂರು ಕೌದಿ ಹೊದಿಸಿದರೂ ಹಲ್ಲು ಕಟಕಟಿಸುತ್ತಿದ್ದ. ಎರಡು ಸಲ ಜ್ವರ ಬಂದು ಹೋಗಿ ಮೂರನೇ ಸಲ ಬಂದಾಗ ಮಾತು ತಪ್ಪಿ ಬಡಬಡಿಸಿದ.

ದನ ಮನೆಗೆ ಬರುವ ಹೊತ್ತು. ನಾನು ಕಂದೀಲು ಹಚ್ಚಿ ಹಿಡಿದುಕೊಂಡು ಒಳಗೆ ಬಂದೆ. ಆ ವಾಸನೆ ಮೂಗಿಗೆ ಹೊಡೆಯಿತು. ಅತ್ತೆ ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದಳು. ಮುಂದೆ ಕಂಚಿನ ಬಟ್ಟಲು. ನೆಲದ ಮೇಲೆ ಕೆಂಪು ಅರಿವೆ ಬಿಚ್ಚಿ ಬಿದ್ದಿತ್ತು. ಕುಟ್ಟಾಣಿಯ ಹಿಡಿಯಿಂದ ಗುಳಿಗೆಯನ್ನು ಜಜ್ಜಿ, ಬಿಸಿನೀರು ಹಾಕಿ, ಮೇಲೆ ಶುದ್ಧ ಅರಿವೆ ಮುಚ್ಚುತ್ತಿದ್ದಳು.

“ಕಂದೀಲ ಆ ಕಡಿ ಒಯ್ಯಿ” ಎಂದಳು, ತಿರುಗಿ ನೋಡದೆ. “ಬೆಳಕ ಬೀಳಬಾರ್ದು. ನಸಿಕಿನ್ಯಾಗ ಬೆರಳಿಲೆ ಕದಡಿ ಕುಡಿಸಿ ಕೌದಿ ಹೊಚ್ಚಬೇಕು. ಮುಂಜಾನಿ ಬಂಡಿ ಹೂಡಸು, ದವಾಖಾನಿಗೆ ಒಯ್ಯೂನು.”

ನಾನು ಅಲ್ಲೇ ನಿಂತೆ. “ಇದೆಲ್ಲ ನಿನಗ ಯಾರ ಹೇಳಿದ್ರತ್ತಿ?”

ಅತ್ತೆ ಬಟ್ಟಲಿನ ಸುತ್ತ ಅರಿವೆಯ ಅಂಚನ್ನು ಒತ್ತಿ ಸರಿಮಾಡಿದಳು.

“ನೀನ ಹೇಳಿದ್ದಿಯಲ್ಲ, ಭೀಮವ್ವ” ಎಂದಳು. “ಮರೀತೀನೇನು?”

ಕಂದೀಲು ಹೊರಗೆ ಒಯ್ದೆ. ನಸುಕಿನಲ್ಲಿ ಅವನು ಕುಡಿದ, ಬೆವತ, ಮಲಗಿದ. ಹೊತ್ತೇರಿದ ಮೇಲೆ ಬಂಡಿ ಹೂಡಿದರು. ತಲೆಯ ಕಡೆ ಅತ್ತೆ ಕೂತಳು, ಕಾಲ ಕಡೆ ನಾನು. ಕಾಲುವೆ ದಂಡೆ ಮುಟ್ಟಿ ಹರಿಯುತ್ತಿತ್ತು. ಸೇತುವೆಯ ಮೇಲೆ ಎತ್ತು ನಿಲ್ಲಲಿಲ್ಲ, ಯಾರೂ ಇಳಿಯಲಿಲ್ಲ.